ಸೋರೆ ಹೂವಿನ ಪರಾಗ ಹಚ್ಚಿದರೆ ಬೀಜವಿಲ್ಲದ ಕಲ್ಲಂಗಡಿ ಸಿಗುತ್ತದೆಯೇ?

ಪ್ರಶ್ನೆ: ಮನೆಯ ಹಿಂದಿನ ಜಾಗದಲ್ಲಿ ನಾಲ್ಕಾರು ಕಲ್ಲಂಗಡಿ ಬಳ್ಳಿ ಹಾಕುತ್ತೇನೆ. ಸಂಬಂಧಿ ಗಿಡಗಳ ಪರಾಗ ಬಳಸಿದರೆ ಬೀಜವಿಲ್ಲದ ಹಣ್ಣು ಬರುತ್ತದೆ ಎಂದು ಎಲ್ಲೋ ಓದಿದೆ. ಕಳೆದ ಸಲ 12 ಹೆಣ್ಣು ಹೂಗಳಿಗೆ ಸಿಹಿಗುಂಬಳದ ಪರಾಗ ಹಚ್ಚಿದೆ. 11 ಮಿಡಿ ಉದುರಿಹೋದವು. ಉಳಿದ ಒಂದು ಚೆನ್ನಾಗಿ ಬೆಳೆಯಿತು. ಕೊಯ್ದು ನೋಡಿದರೆ ಒಳಗೆ ಕಪ್ಪು ಬೀಜವೋ ಬೀಜ! ಓದಿದ್ದು ಸುಳ್ಳೇ? ಸೋರೆ, ಹೀರೆ, ಸೌತೆ ಇವುಗಳಲ್ಲಿ ಯಾವುದಾದರೂ ಆಗುತ್ತದೆಯೇ? ಪಕ್ಕದಲ್ಲೇ ಹಾಗಲ ಬಳ್ಳಿ ಇದೆ, ಹಣ್ಣು ಕಹಿಯಾದೀತೇ ಎಂಬ ಭಯ ಬೇರೆ.

ಉತ್ತರ: ಓದಿದ್ದು ಸುಳ್ಳಲ್ಲ. ಆದರೆ ಆ ಒಂದು ಮಾತಿನಲ್ಲಿ ಎರಡು ಬೇರೆ ಬೇರೆ ವಿಧಾನಗಳು ಕಲಸಿಹೋಗಿವೆ. ಒಂದು, ಸಾಮಾನ್ಯ ಕಲ್ಲಂಗಡಿ ಬಳ್ಳಿಗೇ ದೂರದ ಸಂಬಂಧಿಯ ಪರಾಗ ಹಚ್ಚುವುದು. ಇನ್ನೊಂದು, ಹುಟ್ಟಿನಿಂದಲೇ ಬೀಜ ಕಟ್ಟಲಾರದ ಬಳ್ಳಿಗೆ ಸಾಮಾನ್ಯ ಕಲ್ಲಂಗಡಿಯ ಪರಾಗ ಕೊಡುವುದು. ಹೊಲಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಬೆಳೆಯುವ ಸೀಡ್‌ಲೆಸ್ ಕಲ್ಲಂಗಡಿ ಸಾಮಾನ್ಯವಾಗಿ ಎರಡನೆಯ ದಾರಿಯಲ್ಲಿ ಬಂದದ್ದು. ನೀವು ಮಾಡಲು ಹೊರಟಿದ್ದು ಮೊದಲನೆಯದು. ಅದು ಆಗುವ ಕೆಲಸವೇ, ಆದರೆ ಸ್ವಲ್ಪ ನಾಜೂಕು.

ಮೊದಲು ನಿಮ್ಮ ಆ ಹನ್ನೆರಡನೇ ಕಾಯಿಯ ವಿಷಯ ಮುಗಿಸೋಣ. ಅದು ಕುಂಬಳದಿಂದ ಕಟ್ಟಿದ ಕಾಯಿ ಅಲ್ಲವೇ ಅಲ್ಲ. ಗಟ್ಟಿ ಕಪ್ಪು ಬೀಜ ತುಂಬಿದೆ ಅಂದರೆ ಕಲ್ಲಂಗಡಿಯ ಪರಾಗವೇ ಒಳಗೆ ಇಳಿದಿದೆ. ಹೇಗೆ ಬಂತು? ಎರಡು ದಾರಿಯುಂಟು. ನೀವು ಹೂ ಮುಟ್ಟುವ ಮೊದಲೋ ಆಮೇಲೋ ಜೇನುನೊಣ ಬಂದು ಹೋಗಿರಬಹುದು. ಅಥವಾ ಆ ಹೂವೇ ದ್ವಿಲಿಂಗಿ ಆಗಿರಬಹುದು. ಕಲ್ಲಂಗಡಿಯ ಕೆಲವು ತಳಿಗಳಲ್ಲಿ ಹೆಣ್ಣು ಹೂವಿನೊಳಗೇ ಪರಾಗಕೋಶಗಳೂ ಇರುತ್ತವೆ. ಕೆಳಗೆ ಪುಟ್ಟ ಮಿಡಿ ಕಾಣುತ್ತದೆ, ಹೆಣ್ಣು ಹೂವೇ ಅಂದುಕೊಂಡು ನಾವು ಮುಂದೆ ಹೋಗುತ್ತೇವೆ. ನಾನೂ ಇದರಲ್ಲಿ ಮೋಸ ಹೋಗಿದ್ದೇನೆ. ಹೂಗಳಿಗೆಲ್ಲ ಚೀಲ ಕಟ್ಟಿ, ನೊಣ ಸುಳಿಯದಂತೆ ಕಾದು, ಕೊನೆಗೆ ಕೊಯ್ದಾಗ ಬೀಜ ಕಂಡು ತಲೆ ಕೆರೆದುಕೊಂಡೆ. ಮರುದಿನ ಅದೇ ಬಳ್ಳಿಯ ಇನ್ನೊಂದು ಹೂ ಬಿಡಿಸಿ ನೋಡಿದಾಗ ಗೊತ್ತಾಯಿತು, ಕಳ್ಳ ಮನೆಯೊಳಗೇ ಇದ್ದ.

ಈಗ ಪರಾಗ ಅನ್ನುವುದು ಏನು ಮಾಡುತ್ತದೆ ಅಂತ ನೋಡಬೇಕು, ಏಕೆಂದರೆ ಇಡೀ ಉಪಾಯ ನಿಂತಿರುವುದು ಅದರ ಮೇಲೆ. ಪರಾಗಕ್ಕೆ ಒಂದಲ್ಲ, ಎರಡು ಕೆಲಸ. ಹೂವಿನ ತುದಿಯ ಮೇಲೆ ಬಿದ್ದ ಪರಾಗದ ಕಣ ಮೊಳೆತು, ಸಣ್ಣ ಕೊಳವೆಯಂತೆ ಒಳಗೆ ಇಳಿಯುತ್ತದೆ. ಹಾಗೆ ಇಳಿಯುವಾಗ ಮಿಡಿಗೆ ಒಂದು ಸುದ್ದಿ ಮುಟ್ಟುತ್ತದೆ. ಮಿಡಿಯಲ್ಲಿ ಆಕ್ಸಿನ್, ಜಿಬ್ಬರೆಲಿನ್‌ನಂಥ ಹಾರ್ಮೋನುಗಳು ಏರುತ್ತವೆ. 'ಉದುರಬೇಡ, ಬೆಳೆಯಲು ಶುರುಮಾಡು' ಎಂಬ ಸುದ್ದಿ ಅದು. ಇದು ಮೊದಲ ಕೆಲಸ. ಆ ಕೊಳವೆ ಒಳಗಿನ ಅಂಡಕ್ಕೆ ತಲುಪಿ, ಅದರೊಂದಿಗೆ ಕೂಡಿ ಬೀಜ ಹುಟ್ಟಿಸುವುದು ಎರಡನೆಯ ಕೆಲಸ. ಬೀಜ ಹುಟ್ಟಿದ ಮೇಲೆ ಅದೂ ಹಾರ್ಮೋನು ಒದಗಿಸುತ್ತಾ ಕಾಯಿಯನ್ನು ದಪ್ಪ ಮಾಡುತ್ತದೆ.

ಈ ಎರಡನ್ನೂ ಬೇರೆ ಮಾಡಿ, ಮೊದಲನೆಯದನ್ನು ಮಾತ್ರ ಮಾಡಿಸಿಕೊಂಡರೆ? ಕಾಯಿ ಬೆಳೆಯುತ್ತದೆ, ಬೀಜ ಹುಟ್ಟುವುದಿಲ್ಲ. ಸಂಬಂಧಿ ಗಿಡದ ಪರಾಗ ಬೇಕಾಗುವುದು ಇದಕ್ಕೇ. ಪರಾಗ ಇಲ್ಲದೆಯೂ ಕಾಯಿ ಬೆಳೆಸಬಹುದು ಎನ್ನುವುದು ಹಳೆಯ ವಿಚಾರ. 1936ರಲ್ಲಿ ಗುಸ್ಟಾಫ್ಸನ್ ಎಂಬ ವಿಜ್ಞಾನಿ ಪರಾಗದ ಬದಲು ಆಕ್ಸಿನ್‌ನಂಥ ರಾಸಾಯನಿಕಗಳನ್ನು ಹೂವಿಗೆ ಹಚ್ಚಿ, ಟೊಮೆಟೊದಂಥ ಗಿಡಗಳಲ್ಲಿ ಕಾಯಿ ಕಟ್ಟಿಸಿ ತೋರಿಸಿದ್ದರು. ಕಲ್ಲಂಗಡಿಯ ಮೇಲೂ ಇಂಥ ಪ್ರಯೋಗ ಸ್ವಲ್ಪ ಕಾಲದಲ್ಲೇ ಶುರುವಾಯಿತು.

ಆದರೆ ಯಾವ ಸಂಬಂಧಿ? ಎಲ್ಲ ತಿರುವೂ ಇಲ್ಲೇ ಇದೆ. ತೀರಾ ಹತ್ತಿರದ ಸಂಬಂಧಿ ಆದರೆ ಕೆಡುತ್ತದೆ. ಹಾವುಮೆಕ್ಕೆ ಇದೆಯಲ್ಲ, ಕಾಯಿ ವಿಷದಂತೆ ಕಹಿ, ಅದು ಕಲ್ಲಂಗಡಿಯ ಕುಲದ್ದೇ. ಸಿಟ್ರುಲಸ್ ಎಂಬ ಒಂದೇ ಕುಲದಲ್ಲಿ ಎರಡೂ ಸೇರುತ್ತವೆ. ಅದರ ಪರಾಗ ಹಚ್ಚಿದರೆ ಕಲ್ಲಂಗಡಿಯಲ್ಲಿ ನಿಜವಾದ, ಮೊಳೆಯುವ ಬೀಜ ಆಗಬಲ್ಲದು. ಅದು ನಮಗೆ ಬೇಡ. ತೀರಾ ದೂರದವರಾದರೆ ಪರಾಗ ಮೊಳೆಯುವುದೇ ಇಲ್ಲ, ಮೊಳೆತರೂ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಸುದ್ದಿ ಮುಟ್ಟುವುದಿಲ್ಲ, ಮಿಡಿ ಹಳದಿಯಾಗಿ ಉದುರುತ್ತದೆ. ನಿಮ್ಮ 11 ಮಿಡಿಗಳಿಗೆ ಆಗಿದ್ದು ಇದೇ ಅನ್ನಿಸುತ್ತದೆ. ನಮಗೆ ಬೇಕಾದದ್ದು ನಡುವಿನ ದೂರ. ಬಾಗಿಲು ತಟ್ಟುವಷ್ಟು ಹತ್ತಿರ, ಒಳಗೆ ಬರಲಾರದಷ್ಟು ದೂರ.

ಆ ನಡುವಿನ ದೂರಕ್ಕೆ ಚೆನ್ನಾಗಿ ಹೊಂದಿದ್ದು ಸೋರೆ. 2014ರಲ್ಲಿ ಜಪಾನಿನ ಸಂಶೋಧಕರು ಸೋರೆಯ ಪರಾಗ ಬಳಸಿ ಸಾಮಾನ್ಯ ಕಲ್ಲಂಗಡಿಯಲ್ಲಿ ಬೀಜವಿಲ್ಲದ ಕಾಯಿ ಕಟ್ಟಿಸಿದ್ದನ್ನು ಪ್ರಕಟಿಸಿದರು. ಬಳ್ಳಿಗೆ ಏನೂ ಮಾಡಿಲ್ಲ, ಬೀಜ ಬದಲಿಸಿಲ್ಲ. ಪರಾಗ ಮಾತ್ರ ಬೇರೆ. ಕೆಲವು ಕುಂಬಳ ತಳಿಗಳ ಪರಾಗದಿಂದಲೂ ಕಾಯಿ ಕಟ್ಟಿದ ಪ್ರಯೋಗಗಳಿವೆ. ಹಾಗಾಗಿ ನಿಮ್ಮ ಪ್ರಯತ್ನ ದಾರಿ ತಪ್ಪಿದ್ದೇನಲ್ಲ. ಆದರೆ ಎಲ್ಲ ಕುಂಬಳವೂ ಆಗುವುದಿಲ್ಲ, ಎಲ್ಲ ಕಲ್ಲಂಗಡಿಯೂ ಒಪ್ಪುವುದಿಲ್ಲ. ತಳಿಯಿಂದ ತಳಿಗೆ ಫಲ ಬದಲಾಗುತ್ತದೆ. ಮನೆಯಲ್ಲಿ ಮಾಡುವುದಾದರೆ ನಾನು ಸೋರೆಯನ್ನೇ ಹೇಳುತ್ತೇನೆ. ಹೀರೆ, ಸೌತೆಗೆ ಕೈ ಹಾಕಿ ಹೂ ಹಾಳು ಮಾಡಿಕೊಳ್ಳಬೇಡಿ.

ಒಂದು ಸಣ್ಣ ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. ಜೀವಕೋಶದೊಳಗೆ ವಂಶಗುಣ ಹೊತ್ತ ಎಳೆಗಳಿಗೆ ಕ್ರೋಮೋಸೋಮ್ ಎನ್ನುತ್ತಾರೆ. ಕಲ್ಲಂಗಡಿಗೆ 22 ಕ್ರೋಮೋಸೋಮ್, ಸೋರೆಗೂ 22. 'ಸಂಖ್ಯೆ ಒಂದೇ ಇದೆ, ಅದಕ್ಕೇ ಹೊಂದುತ್ತದೆ' ಎಂದು ಕೆಲವರು ಹೇಳುತ್ತಾರೆ. ಹಾಗಲಕ್ಕೂ 22 ಇದೆ, ಅಷ್ಟಕ್ಕೆ ಅದು ಕಲ್ಲಂಗಡಿಯ ನೆಂಟ ಆಗಿಬಿಡುವುದಿಲ್ಲ. ಸೌತೆಗೆ 14, ಕರಬೂಜಕ್ಕೆ 24, ಸಿಹಿಗುಂಬಳಕ್ಕೆ 40. ಎಣಿಕೆ ಒಂದೇ ಆದ ಮಾತ್ರಕ್ಕೆ ಒಳಗಿನ ಬರಹ ಒಂದೇ ಆಗುವುದಿಲ್ಲ.

ಇನ್ನು ಕೈಕೆಲಸ. ಕಲ್ಲಂಗಡಿ ಹೂ ಬೆಳಗ್ಗೆ ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೆ ಅರಳುತ್ತದೆ, ಮಧ್ಯಾಹ್ನ ಕಳೆಯುವುದರೊಳಗೆ ಮುದುಡುತ್ತದೆ. ಅದಕ್ಕೆ ಒಂದೇ ದಿನದ ಆಯುಷ್ಯ. ಸೋರೆ ಹೂ ಇದಕ್ಕೆ ತದ್ವಿರುದ್ಧ. ಬಿಳಿ ಹೂ, ಸಂಜೆ ಅರಳಿ ರಾತ್ರಿಯೆಲ್ಲ ತೆರೆದಿರುತ್ತದೆ, ಬಿಸಿಲೇರಿದಂತೆ ಬಾಡುತ್ತದೆ. ಹಾಗಾಗಿ ಹಿಂದಿನ ಸಂಜೆಯೇ ಸೋರೆಯ ಗಂಡು ಹೂಗಳನ್ನು ಕಿತ್ತು, ಒಂದು ಡಬ್ಬಿಯಲ್ಲಿ ತಂಪಾದ ಜಾಗದಲ್ಲಿಡಿ. ನೀರು ತಗಲಬಾರದು, ಒದ್ದೆಯಾದ ಪರಾಗ ಕೆಟ್ಟುಹೋಗುತ್ತದೆ. ಬಳ್ಳಿಯಲ್ಲೇ ಬಿಟ್ಟು ಬೆಳಗ್ಗೆ ಕೀಳುತ್ತೇನೆ ಅನ್ನುವುದಾದರೆ ಆ ಗಂಡು ಹೂವಿಗೂ ಚೀಲ ಕಟ್ಟಿರಿ. ಇಲ್ಲದಿದ್ದರೆ ಬೆಳಗಿನ ಜೇನುನೊಣ ಕಲ್ಲಂಗಡಿ ಪರಾಗವನ್ನು ತಂದು ಅದರ ಮೇಲೆ ಉದುರಿಸಿ ಹೋಗಬಹುದು. ಅಲ್ಲಿಂದ ಅದು ನಿಮ್ಮ ಕೈಯಿಂದಲೇ ಹೆಣ್ಣು ಹೂವಿಗೆ ತಲುಪುತ್ತದೆ.

ಅದೇ ಸಂಜೆ ಕಲ್ಲಂಗಡಿ ಬಳ್ಳಿಯಲ್ಲಿ ಮರುದಿನ ಅರಳುವ ಹೆಣ್ಣು ಮೊಗ್ಗುಗಳನ್ನು ಹುಡುಕಿ. ಕೆಳಗೆ ರೋಮ ತುಂಬಿದ ಪುಟ್ಟ ಮಿಡಿ, ಮೇಲೆ ತುದಿ ಹಳದಿಗೆ ತಿರುಗಿದ ಮೊಗ್ಗು. ಒಂದು ಮೊಗ್ಗನ್ನು ಬಿಡಿಸಿ ನೋಡಿ. ಒಳಗೆ ಪರಾಗಕೋಶ ಇದ್ದರೆ ನಿಮ್ಮದು ದ್ವಿಲಿಂಗಿ ಹೂವಿನ ತಳಿ. ಆಗ ಪ್ರತಿ ಮೊಗ್ಗಿನಲ್ಲೂ ಸಂಜೆಯೇ ಚಿಮಟದಿಂದ ಅವನ್ನು ಕಿತ್ತು ತೆಗೆಯಬೇಕು. ಬೆಳಗ್ಗೆ ತೆಗೆದರೆ ತಡ. ಆಮೇಲೆ ಕಾಗದದ ಚೀಲವನ್ನೋ ತೆಳುಬಟ್ಟೆಯನ್ನೋ ಹೂವಿಗೆ ಕಟ್ಟಿ.

ಬೆಳಗ್ಗೆ 6ರಿಂದ 10ರೊಳಗೆ, ಬಿಸಿಲು ಚುರುಕಾಗುವ ಮೊದಲು, ಚೀಲ ತೆಗೆದು ಸೋರೆಯ ಗಂಡು ಹೂವಿನ ದಳ ಕಿತ್ತು ಪರಾಗಕೋಶವನ್ನು ಹೆಣ್ಣು ಹೂವಿನ ತುದಿಗೆ ಮೆಲ್ಲಗೆ ಉಜ್ಜಿ. ಆ ತುದಿ ಮೂರು ಭಾಗವಾಗಿರುತ್ತದೆ, ಮೂರಕ್ಕೂ ತಗಲಬೇಕು. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಆದರೆ ಕಾಯಿ ಸೊಟ್ಟಗಾಗುತ್ತದೆ. ಸಾಮಾನ್ಯ ಪರಾಗಸ್ಪರ್ಶದಲ್ಲೇ ಒಂದು ಕಲ್ಲಂಗಡಿ ಹೂವಿಗೆ ಸಾವಿರದ ಆಸುಪಾಸು ಕಣಗಳು ಬೇಕು ಅಂತ ಲೆಕ್ಕ ಹೇಳುತ್ತಾರೆ. ಇಲ್ಲಿ ಜಿಪುಣತನ ಬೇಡ, ಒಂದು ಹೆಣ್ಣು ಹೂವಿಗೆ ಎರಡು ಮೂರು ಗಂಡು ಹೂ ಬಳಸಿ. ತಕ್ಷಣ ಮತ್ತೆ ಚೀಲ ಕಟ್ಟಿ, ಹೂ ಬಾಡುವವರೆಗೆ ಬಿಚ್ಚಬೇಡಿ. ದಾರಕ್ಕೊಂದು ಚೀಟಿ ಕಟ್ಟಿ ದಿನಾಂಕ ಬರೆಯಿರಿ. ಚೀಟಿ ಇಲ್ಲದೆ ನೆನಪಿಟ್ಟುಕೊಳ್ಳುತ್ತೇನೆ ಅನ್ನುವವರನ್ನು ನಾನು ನಂಬುವುದಿಲ್ಲ, ಬಳ್ಳಿ ಒಂದು ವಾರದಲ್ಲಿ ಎಲ್ಲಿಂದೆಲ್ಲಿಗೋ ಹರಿದಿರುತ್ತದೆ.

ಜನ ಮರೆಯುವ ಸಂಗತಿ ಇನ್ನೊಂದಿದೆ, ನಿಮ್ಮ ಮಿಡಿಗಳು ಉದುರಿದ್ದಕ್ಕೆ ಅದೂ ಕಾರಣ ಇರಬಹುದು. ಬಳ್ಳಿಯಲ್ಲಿ ಆಗಲೇ ಬೀಜವಿರುವ ಕಾಯಿ ಬೆಳೆಯುತ್ತಿದ್ದರೆ, ಆಮೇಲೆ ಬರುವ ಮಿಡಿಗಳನ್ನು ಬಳ್ಳಿ ಕೈಬಿಡುತ್ತದೆ. ಬೀಜವಿರುವ ಕಾಯಿಯ ಕೂಗು ಜೋರು, ಬೀಜವಿಲ್ಲದ ಮಿಡಿಯ ಕೂಗು ಮೊದಲೇ ಕ್ಷೀಣ. ಇಬ್ಬರ ನಡುವೆ ಪೈಪೋಟಿ ಬಿದ್ದರೆ ಯಾರು ಗೆಲ್ಲುತ್ತಾರೆ ಅಂತ ಹೇಳಬೇಕಿಲ್ಲ ಅಲ್ವಾ? ನಿಮ್ಮ ಆ ಹನ್ನೆರಡನೇ ಕಾಯಿ ಬರೀ ಮೋಸ ಮಾಡಿದ್ದಲ್ಲ, ಅದೇ ಬಳ್ಳಿಯಲ್ಲಿ ಬೇರೆ ಮಿಡಿಗಳಿದ್ದರೆ ಅವನ್ನೂ ಅದು ಉದುರಿಸಿರಬಹುದು. ಪ್ರಯೋಗಕ್ಕೆ ಇಟ್ಟ ಬಳ್ಳಿಯಲ್ಲಿ ನೊಣದಿಂದ ಕಟ್ಟಿದ ಕಾಯಿಗಳನ್ನು ಲಿಂಬೆ ಗಾತ್ರ ಆಗುವ ಮೊದಲೇ ಚಿವುಟಿ ತೆಗೆಯಿರಿ. ಮನಸ್ಸು ಬರುವುದಿಲ್ಲ, ಗೊತ್ತು. ಆದರೂ ತೆಗೆಯಿರಿ.

ಇಷ್ಟು ಮಾಡಿದರೂ ಎಲ್ಲ ಹೂವೂ ಕಾಯಾಗುವುದಿಲ್ಲ. ಸ್ವಂತ ಪರಾಗಕ್ಕೆ ಹೋಲಿಸಿದರೆ ಕಡಿಮೆಯೇ ನಿಲ್ಲುವುದು. ನಾಲ್ಕೈದು ದಿನದಲ್ಲಿ ಫಲಿತಾಂಶ ಕಾಣುತ್ತದೆ. ನಿಂತ ಮಿಡಿ ಊದಿಕೊಳ್ಳುತ್ತದೆ, ಹೊಳಪು ಬರುತ್ತದೆ. ನಿಲ್ಲದ್ದು ಹಳದಿಯಾಗಿ ಸುಕ್ಕಾಗುತ್ತದೆ.

ಸರಿ, ಇಷ್ಟೆಲ್ಲ ಕಷ್ಟ ಇದ್ದರೆ ಹೊಲದಲ್ಲಿ ಎಕರೆಗಟ್ಟಲೆ ಹೇಗೆ ಬೆಳೆಯುತ್ತಾರೆ? ಅಲ್ಲಿ ಯಾರೂ ಹೂವಿಗೆ ಚೀಲ ಕಟ್ಟುತ್ತಾ ಕೂರುವುದಿಲ್ಲ. ಅದು ಆಗಲೇ ಹೇಳಿದ ಎರಡನೆಯ ದಾರಿ. ಅದರ ಹಿಂದೆ ಇರುವವರು ಜಪಾನಿನ ಹಿತೋಶಿ ಕಿಹಾರಾ. ಹೆಸರು ಮಾಡಿದ್ದು ಗೋಧಿಯ ಕ್ರೋಮೋಸೋಮ್‌ಗಳ ಅಧ್ಯಯನದಲ್ಲಿ, ಆದರೆ ಸಾಮಾನ್ಯ ಜನರ ನಾಲಿಗೆಗೆ ತಲುಪಿದ್ದು ಕಲ್ಲಂಗಡಿಯಿಂದ. 1937ರಲ್ಲಿ ಅಮೆರಿಕದ ಬ್ಲೇಕ್ಸ್‌ಲಿ ಮತ್ತು ಏವರಿ, ಕಾಲ್ಚಿಸಿನ್ ಎಂಬ ಸಸ್ಯವಿಷ ಗಿಡದ ಕ್ರೋಮೋಸೋಮ್‌ಗಳನ್ನು ಇಮ್ಮಡಿ ಮಾಡುತ್ತದೆ ಎಂದು ತೋರಿಸಿದ್ದರು. ಕಿಹಾರಾ ಅದನ್ನು ಕಲ್ಲಂಗಡಿಗೆ ತಂದರು. ತಮ್ಮ ವಿಧಾನವನ್ನು 1951ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಮೇಲೆ ಜಗತ್ತಿನ ಬೇರೆ ಕಡೆಗಳಲ್ಲೂ ಅದು ಹಬ್ಬಿತು.

ವಿಧಾನ ಹೀಗೆ. ಸಾಮಾನ್ಯ ಕಲ್ಲಂಗಡಿ ಸಸಿಯ ಎಳೆ ಕುಡಿಗೆ ಕಾಲ್ಚಿಸಿನ್ ದ್ರಾವಣ ಬಿಟ್ಟು, 22 ಇದ್ದದ್ದನ್ನು 44 ಮಾಡುತ್ತಾರೆ. ಇದಕ್ಕೆ ಟೆಟ್ರಾಪ್ಲಾಯ್ಡ್ ಎನ್ನುತ್ತಾರೆ. ಎಲೆ ದಪ್ಪ, ಪರಾಗದ ಕಣ ದೊಡ್ಡದು, ಬೀಜ ಮಾತ್ರ ಕಡಿಮೆ. ಇದನ್ನು ತಾಯಿಯಾಗಿಟ್ಟು 22ರ ಸಾಮಾನ್ಯ ಬಳ್ಳಿಯ ಪರಾಗ ಕೊಡುತ್ತಾರೆ. ಆ ಹಣ್ಣಿನಲ್ಲಿ ಬೀಜ ಇರುತ್ತದೆ! ಆ ಬೀಜದಲ್ಲಿ 33 ಕ್ರೋಮೋಸೋಮ್. ಅದೇ ಟ್ರಿಪ್ಲಾಯ್ಡ್. ಅದನ್ನು ಬಿತ್ತಿದ ಬಳ್ಳಿಯ ಹಣ್ಣಿನಲ್ಲಿ ಬೀಜ ಇರುವುದಿಲ್ಲ. 'ಬೀಜವಿಲ್ಲದ ಹಣ್ಣಿಗೆ ಬೀಜ ಎಲ್ಲಿಂದ ಬಂತು' ಎಂಬ ಹಳೆಯ ಒಗಟಿಗೆ ಉತ್ತರ ಇದು. ತಾಯಿ ತಂದೆಯನ್ನು ಅದಲು ಬದಲು ಮಾಡಿದರೆ ಕೆಲಸ ಕೆಡುತ್ತದೆ. 22ರ ಬಳ್ಳಿ ತಾಯಿ, 44ರ ಬಳ್ಳಿ ತಂದೆಯಾದರೆ ಸಿಗುವುದು ಜೊಳ್ಳು ಬೀಜ.

33 ಇದ್ದರೆ ಯಾಕೆ ಬೀಜ ಕಟ್ಟುವುದಿಲ್ಲ? 11 ಬಗೆಯ ಕ್ರೋಮೋಸೋಮ್, ಒಂದೊಂದೂ ಮೂರು ಮೂರು. ಅಂಡ ಅಥವಾ ಪರಾಗ ತಯಾರಾಗುವಾಗ ಅವು ಎರಡು ಪಾಲಾಗಬೇಕು. ಮೂರನ್ನು ಇಬ್ಬರಿಗೆ ಹಂಚಿದರೆ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಎರಡು. ಯಾರಿಗೆ ಎರಡು ಎನ್ನುವುದು ಪ್ರತಿ ಬಗೆಗೂ ಸುಮ್ನೆ ಅದೃಷ್ಟ. ಆರೋಗ್ಯವಂತ ಅಂಡ ಆಗಬೇಕಾದರೆ 11 ಬಗೆಯಲ್ಲೂ ಒಂದೊಂದೇ ಬರಬೇಕು, ಇಲ್ಲ ಎಲ್ಲದರಲ್ಲೂ ಎರಡೆರಡು ಬರಬೇಕು. 11 ನಾಣ್ಯ ಒಟ್ಟಿಗೆ ಚಿಮ್ಮಿ, ಅಷ್ಟೂ ಒಂದೇ ಮುಖ ಬೀಳಲಿ ಎಂದು ಕಾಯುವ ಹಾಗೆ. 1024 ಸಲಕ್ಕೆ ಒಂದು ಸಲ. ಉಳಿದ ಅಂಡಗಳೆಲ್ಲ ಲೆಕ್ಕ ತಪ್ಪಿದವು, ಅವುಗಳಿಂದ ಬೀಜ ಆಗುವುದು ತೀರಾ ಅಪರೂಪ. ಅದಕ್ಕೇ ಸೀಡ್‌ಲೆಸ್ ಹಣ್ಣಿನಲ್ಲಿ ಅಪರೂಪಕ್ಕೆ ಒಂದು ಗಟ್ಟಿ ಬೀಜ ಸಿಕ್ಕರೆ ಮಾರಿದವರನ್ನು ಬೈಯಬೇಡಿ, ಆ ಲಾಟರಿ ಹೊಡೆದಿರಬಹುದು.

ಈ ಟ್ರಿಪ್ಲಾಯ್ಡ್ ಬಳ್ಳಿಯ ಗಂಡು ಹೂಗಳು ನೋಡಲು ಸರಿಯಾಗೇ ಇರುತ್ತವೆ, ನೊಣಗಳೂ ಬರುತ್ತವೆ. ಆದರೆ ಪರಾಗ ಬಹುಪಾಲು ನಿಷ್ಪ್ರಯೋಜಕ. ಬಾಳೆಯೂ ಹೆಚ್ಚಾಗಿ ಟ್ರಿಪ್ಲಾಯ್ಡೇ, ಅದು ಪರಾಗವೇ ಇಲ್ಲದೆ ಕಾಯಿ ಬಿಡುತ್ತದೆ. ಕಲ್ಲಂಗಡಿಗೆ ಆ ಗುಣ ಇಲ್ಲ. ಅದಕ್ಕೆ ಆ ಮೊದಲ ಸುದ್ದಿ ಬೇಕೇ ಬೇಕು. ಹಾಗಾಗಿ ಹೊಲದಲ್ಲಿ ಮೂರು ಸಾಲು ಟ್ರಿಪ್ಲಾಯ್ಡ್‌ಗೆ ಒಂದು ಸಾಲು ಸಾಮಾನ್ಯ ಕಲ್ಲಂಗಡಿ ಎಂಬಂತೆ ಬೆರೆಸಿ ನೆಡುತ್ತಾರೆ. ಉಳಿದದ್ದು ಜೇನುನೊಣದ ಕೆಲಸ. ಕೊಯ್ಲಿನಲ್ಲಿ ಗುರುತು ಸಿಗಲೆಂದು ಆ ಸಾಲಿಗೆ ಬೇರೆ ಪಟ್ಟೆಯ, ಬೇರೆ ಬಣ್ಣದ ಸಿಪ್ಪೆಯ ತಳಿ ಆರಿಸುತ್ತಾರೆ. ನೀವು ಓದಿದ 'ಸಂಬಂಧಿ ಗಿಡದ ಪರಾಗ' ಬಹುಶಃ ಇದೇ ಇರಬೇಕು. ಮನೆಯಲ್ಲಿ ಆಸೆಯಿಂದ ಒಂದೇ ಒಂದು ಸೀಡ್‌ಲೆಸ್ ಬಳ್ಳಿ ಹಾಕಿ, ಹೂ ಬಂತು ಕಾಯಿ ಬರಲಿಲ್ಲ ಎಂದು ಕೇಳುವವರು ಬಹಳ. ಕಾರಣ ಇಷ್ಟೇ, ಪಕ್ಕದಲ್ಲಿ ಸಾಮಾನ್ಯ ಬಳ್ಳಿ ಇರಲಿಲ್ಲ. ಪರಾಗ ಸಾಲದೆ ಹೋದರೆ ಹಣ್ಣಿನ ನಡುವೆ ಟೊಳ್ಳು ಬಿಡುವುದೂ ಜಾಸ್ತಿ.

ನಿಮಗೆ ಪ್ರಯೋಗದ ಹಟ ಇಲ್ಲ, ತಿನ್ನಲು ಬೀಜವಿಲ್ಲದ ಹಣ್ಣು ಸಿಕ್ಕರೆ ಸಾಕು ಎಂದರೆ ಈ ದಾರಿಯೇ ಸುಲಭ. ಟ್ರಿಪ್ಲಾಯ್ಡ್ ಬೀಜ ಕೊಂಡು ಬಿತ್ತಿ. ಒಂದು ಎಚ್ಚರ ಇರಲಿ: ಅದು ಮೊಳೆಯುವುದು ಕಷ್ಟ. ಸಿಪ್ಪೆ ದಪ್ಪ, ಒಳಗಿನ ಮೊಳಕೆ ಚಿಕ್ಕದು, ಬಲ ಇಲ್ಲದ್ದು. ಮಣ್ಣು 28ರಿಂದ 32 ಡಿಗ್ರಿ ಬೆಚ್ಚಗಿರಬೇಕು. ನೀರು ಜಾಸ್ತಿಯಾದರೆ ಒಳಗೇ ಕೊಳೆಯುತ್ತದೆ, ಮೊಳೆಯುವವರೆಗೆ ತೇವ ಇದ್ದೂ ಇಲ್ಲದ ಹಾಗಿರಲಿ. ಚೂಪು ತುದಿ ಮೇಲಕ್ಕೆ ಬರುವಂತೆ ಇಟ್ಟರೆ ಸಿಪ್ಪೆ ಮೊಳಕೆ ಎಲೆಗಳಿಗೆ ಅಂಟಿಕೊಳ್ಳುವುದು ಕಡಿಮೆಯಾಗುತ್ತದೆ. ಕಾಲ್ಚಿಸಿನ್ ತಂದು ನಾನೇ ಟೆಟ್ರಾಪ್ಲಾಯ್ಡ್ ಮಾಡುತ್ತೇನೆ ಎಂದು ಮಾತ್ರ ಹೊರಡಬೇಡಿ. ಅಗ್ನಿಶಿಖೆ ಬಳ್ಳಿಯ ಗೆಡ್ಡೆಯಲ್ಲಿ ಇರುವ ವಿಷ ಅದೇ, ಸಣ್ಣ ಪ್ರಮಾಣದಲ್ಲೂ ಪ್ರಾಣ ತೆಗೆಯುತ್ತದೆ.

ಮೂರನೆಯ ದಾರಿಯೊಂದನ್ನೂ ಜಪಾನಿನಲ್ಲಿ ಕಂಡುಕೊಂಡಿದ್ದಾರೆ. ಕಲ್ಲಂಗಡಿಯದೇ ಪರಾಗ ತೆಗೆದುಕೊಂಡು ಅದಕ್ಕೆ ಮೃದು, ಅಂದರೆ ಕಡಿಮೆ ಶಕ್ತಿಯ, ಎಕ್ಸ್-ರೇ ಹಾಯಿಸಿ, ಆಮೇಲೆ ಹೂವಿಗೆ ಹಚ್ಚುವುದು. ಪರಾಗ ಮೊಳೆಯುತ್ತದೆ, ಸುದ್ದಿ ಮುಟ್ಟಿಸುತ್ತದೆ, ಆದರೆ ಒಳಗಿನ ಡಿಎನ್‌ಎ ಹಾಳಾಗಿರುವುದರಿಂದ ಬೀಜ ಆಗುವುದಿಲ್ಲ. ಸೋರೆ ಮಾಡುವುದೂ ಇದನ್ನೇ, ಯಂತ್ರ ಇಲ್ಲದೆ. ಹಾರ್ಮೋನಿನಂತೆ ಕೆಲಸ ಮಾಡುವ ಸಿಪಿಪಿಯು ಎಂಬ ಕೃತಕ ರಾಸಾಯನಿಕ ಹಚ್ಚಿಯೂ ಕಾಯಿ ಕಟ್ಟಿಸಬಹುದು, ಮನೆಯ ಹಿತ್ತಲಿಗೆ ನಾನು ಅದನ್ನು ಹೇಳುವುದಿಲ್ಲ.

ಯಾವ ದಾರಿಯಲ್ಲಿ ಹೋದರೂ ಹಣ್ಣಿನೊಳಗೆ ತೆಳ್ಳಗಿನ ಬಿಳಿ ಸಿಪ್ಪೆಗಳು ಇದ್ದೇ ಇರುತ್ತವೆ. ಅವು ಎಳೆ ಬೀಜವಲ್ಲ. ಸಿಪ್ಪೆಯನ್ನು ಕಟ್ಟುವುದು ತಾಯಿ ಬಳ್ಳಿ, ಒಳಗೆ ಮಗು ಇಲ್ಲದ ಖಾಲಿ ತೊಟ್ಟಿಲು ಅದು. ತಿರುಳಿನ ಜೊತೆ ತಿಂದುಬಿಡಬಹುದು.

ಇದೇ ಮಾತು ನಿಮ್ಮ ಹಾಗಲದ ಭಯಕ್ಕೂ ಉತ್ತರ. ಕೆಂಪು ತಿರುಳೂ ತಾಯಿ ಬಳ್ಳಿಯದೇ. ಯಾರ ಪರಾಗ ಬಿದ್ದರೂ ಈ ಸಲದ ಹಣ್ಣು ಕಹಿಯಾಗುವುದಿಲ್ಲ, ಸೋರೆಯ ರುಚಿಯೂ ಬರುವುದಿಲ್ಲ. ಹಾಗಲಕ್ಕೂ ಕಲ್ಲಂಗಡಿಗೂ ಬೀಜ ಕಟ್ಟುವ ಸಂಬಂಧವೇ ಇಲ್ಲ, ಪಕ್ಕದಲ್ಲೇ ಹಬ್ಬಲಿ ಬಿಡಿ. ಭಯ ಪಡಬೇಕಾದ್ದು ಹತ್ತಿರದಲ್ಲಿ ಹಾವುಮೆಕ್ಕೆ ಇದ್ದು, ನೀವು ಕಲ್ಲಂಗಡಿಯ ಬೀಜ ಎತ್ತಿಟ್ಟು ಮುಂದಿನ ಸಲ ಬಿತ್ತಿದಾಗ. ಬೆರಕೆ ಬೀಜದಿಂದ ಬಂದ ಬಳ್ಳಿಯ ಹಣ್ಣು ಕಹಿಯಾಗುತ್ತದೆ, ಕಹಿ ಗುಣ ಸಿಹಿಯನ್ನು ಅಡಗಿಸುತ್ತದೆ.

ಈ ಸಲ ಮತ್ತೆ ಮಾಡುವುದಾದರೆ ಮೂರು ಬಣ್ಣದ ಚೀಟಿ ಇಟ್ಟುಕೊಳ್ಳಿ. ಕೆಲವು ಹೂವಿಗೆ ಸೋರೆಯ ಪರಾಗ. ಇನ್ನು ಕೆಲವಕ್ಕೆ ಚೀಲ ಮಾತ್ರ, ಪರಾಗವೇ ಬೇಡ. ಇವೆಲ್ಲ ಉದುರಬೇಕು. ಉದುರದೆ ನಿಂತರೆ ನೊಣವೋ ದ್ವಿಲಿಂಗಿ ಹೂವೋ ನಿಮ್ಮನ್ನು ಮತ್ತೆ ಏಮಾರಿಸುತ್ತಿದೆ. ಬೇರೊಂದು ಬಳ್ಳಿಯಲ್ಲಿ ಎರಡು ಹೂವಿಗೆ ಕಲ್ಲಂಗಡಿಯದೇ ಪರಾಗ ಕೊಡಿ, ಬಳ್ಳಿ ಆರೋಗ್ಯವಾಗಿದೆಯೇ ಅಂತ ಅದರಿಂದ ತಿಳಿಯುತ್ತದೆ. ನಿಂತ ಕಾಯಿಗಳಲ್ಲಿ ಬಳ್ಳಿಗೊಂದನ್ನೇ ಉಳಿಸಿ. ತಳಿ ನೋಡಿಕೊಂಡು 35ರಿಂದ 45 ದಿನದಲ್ಲಿ, ಕಾಯಿಯ ಪಕ್ಕದ ನುಲಿಬಳ್ಳಿ ಒಣಗಿ, ನೆಲಕ್ಕೆ ತಾಗಿದ ಜಾಗ ಹಳದಿಯಾದಾಗ ಕೊಯ್ಯಿರಿ. ಬಿಳಿ ಸಿಪ್ಪೆ ಮಾತ್ರ ಕಂಡರೆ ಸೋರೆ ಕೆಲಸ ಮಾಡಿದೆ. ಕಪ್ಪು ಬೀಜ ಕಂಡರೆ ಆ ಚೀಟಿಯ ಚೀಲದ ಬಾಯಿ ಎಲ್ಲಿ ಸಡಿಲಾಗಿತ್ತು ಅಂತ ಹುಡುಕಿ.